ಅಣಕು ಕಮಾಂಡ್ ಮತ್ತು ಪ್ರಕಾರದ ತಕರಾರು
ಪವರ್‌ಶೆಲ್‌ನ ಯೂನಿಟ್ ಟೆಸ್ಟ್‌ಗಳಿಗೆ ಬಳಸುವ ಪೆಸ್ಟರ್‌ನಲ್ಲಿ ಮಾಕ್ (ಅಣಕು ಕಮಾಂಡ್) ಎಂಬುದು ಮೂಲ ಕಮಾಂಡ್‌ನ ಒಡಲನ್ನಷ್ಟೇ ಬದಲಿಸುತ್ತದೆ. ಪ್ಯಾರಾಮೀಟರ್‌ಗಳ ಪಟ್ಟಿ, ಅವುಗಳ ಪ್ರಕಾರದ (ಟೈಪ್) ಸಮೇತ, ಹಾಗೇ ಉಳಿಯುತ್ತದೆ. ಹೆಚ್ಚಿನ ಗೊಂದಲದ ಬೇರು ಇಲ್ಲಿದೆ.

‘ಗೆಟ್-ಸರ್ವಿಸ್’ನ ಮಾಕ್‌ನಿಂದ ಪಿಎಸ್‌ಕಸ್ಟಮ್‌ಆಬ್ಜೆಕ್ಟ್ ಒಂದನ್ನು ಹಿಂತಿರುಗಿಸಿ, ಅದನ್ನು ‘ಸ್ಟಾಪ್-ಸರ್ವಿಸ್’ನ ಇನ್‌ಪುಟ್‌ಆಬ್ಜೆಕ್ಟ್‌ಗೆ ಕೊಟ್ಟರೆ, ಎರಡೂ ಮಾಕ್ ಆಗಿದ್ದರೂ ಪ್ರಕಾರ ಪರಿವರ್ತನೆಯ ದೋಷ ಬರುತ್ತದೆ. ಆ ಪ್ಯಾರಾಮೀಟರ್ ಬೇಡುವುದು ಸರ್ವಿಸ್‌ಕಂಟ್ರೋಲರ್ ಅನ್ನು. ಮಾಕ್‌ನ ಒಡಲಿಗೆ ಪ್ರವೇಶಿಸುವ ಮೊದಲೇ ಕರೆ ಮುರಿಯುವುದರಿಂದ, ಒಡಲನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಸ್ಟಾಪ್-ಸರ್ವಿಸ್‌ನ ಮಾಕ್‌ಗೆ ‘ರಿಮೂವ್‌ಪ್ಯಾರಾಮೀಟರ್‌ಟೈಪ್’ ಸೇರಿಸಿ ಇನ್‌ಪುಟ್‌ಆಬ್ಜೆಕ್ಟ್ ಎಂದು ಹೆಸರಿಸುವುದೇ ಸುಲಭದ ದಾರಿ. ಆಗ ಅದು ಯಾವ ವಸ್ತುವನ್ನಾದರೂ ಒಪ್ಪುತ್ತದೆ. ಇನ್ನೊಂದು ದಾರಿಯಾದ ‘ನ್ಯೂ-ಮಾಕ್‌ಆಬ್ಜೆಕ್ಟ್’ ಕನ್‌ಸ್ಟ್ರಕ್ಟರ್ ಕರೆಯದೆ ನಿಜವಾದ ಪ್ರಕಾರದ ವಸ್ತುವನ್ನೇ ಕೊಡುತ್ತದೆ, ಆದರೆ ಅದು ಟೊಳ್ಳು.

ಮಾಕ್ ಯಾವ ಕರೆಗೆ ಅನ್ವಯಿಸಬೇಕೆಂದು ನಿರ್ಧರಿಸುವ ಪ್ಯಾರಾಮೀಟರ್‌ಫಿಲ್ಟರ್‌ನಲ್ಲಿನ ತಪ್ಪು ಇನ್ನೂ ಗುಟ್ಟಾದದ್ದು: ದೋಷದ ಸಂದೇಶವೇ ಬರುವುದಿಲ್ಲ. ಹೋಲಿಕೆಯಲ್ಲಿ ಎಡಬದಿಯ ಪ್ರಕಾರವೇ ಯಜಮಾನ. ಎಡಕ್ಕೆ ಉದ್ಧರಣ ಚಿಹ್ನೆಯೊಳಗಿನ ‘10’, ಬಲಕ್ಕೆ ಸಂಖ್ಯೆ 9 ಇಟ್ಟು ‘-ಜಿಟಿ’ (ಹೆಚ್ಚೇ?) ಎಂದು ಕೇಳಿದರೆ ಉತ್ತರ ‘ಫಾಲ್ಸ್’. ಎರಡೂ ಸ್ಟ್ರಿಂಗ್‌ಗಳಾಗಿ ಹೋಲಿಕೆಯಾಗುತ್ತವೆ. ಎಡಬದಿಗೆ ‘ಇಂಟ್’ ಎಂದು ಪ್ರಕಾರ ಹೇಳಿದರೆ ಸರಿಹೋಗುತ್ತದೆ.

ಇನ್ನೊಂದು ತೊಡಕು ಪ್ರಕಾರದ್ದಲ್ಲ: ಮಾಡ್ಯೂಲ್‌ನ ಒಳಗಿನ ಕರೆಯಾಗಿದ್ದರೆ ‘ಮಾಡ್ಯೂಲ್‌ನೇಮ್’ ಕೊಡದ ಮಾಕ್ ಅಲ್ಲಿಗೆ ತಲುಪುವುದೇ ಇಲ್ಲ. ಅಸಲಿ ಕಮಾಂಡ್ ಓಡಿಬಿಡುತ್ತದೆ.