ಹಿಂಗಾರಿ ಜೋಳದ ಬಿತ್ತನೆಯಲ್ಲಿ ತ್ರೈರಾಶಿಯ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳಕ್ಕೆ ಬಿತ್ತನೆಯ ಹದವು ಕೆಲವೇ ದಿನ ನಿಲ್ಲುವುದು. ಕೂರಿಗೆ ನಡೆದಿರುವಾಗ ಬೀಜವು ಸಾಲದೆ ಹೋದರೆ, ಮತ್ತೆ ತರುವಷ್ಟರಲ್ಲಿ ಹಸಿಯು ಆರುವುದು. ಆದಕಾರಣ ಬೀಜದ ಲೆಕ್ಕವನ್ನು ಮನೆಯಲ್ಲಿಯೇ ಮಾಡಿಕೊಳ್ಳತಕ್ಕದ್ದು.

ಎಕರೆಗೆ 3 ಕಿಲೋ ಬೀಜವೆಂದು ಇಟ್ಟುಕೊಳ್ಳೋಣ. ಪಹಣಿಯಲ್ಲಿ ಹೊಲವು 4-30 ಎಂದಿದೆ. ಇದನ್ನು ದಶಾಂಶವೆಂದು ಬಗೆದು 4.30ನ್ನು 3ರಿಂದ ಗುಣಿಸಿ, 12.9 ಕಿಲೋ ಬೀಜವನ್ನು ಒಯ್ಯುವವರುಂಟು. ಓದು ಬಲ್ಲವರೇ ಇಲ್ಲಿ ಹೆಚ್ಚಾಗಿ ಎಡವುತ್ತಾರೆ. 4-30 ಎಂದರೆ 4 ಎಕರೆ 30 ಗುಂಟೆ. ಎಕರೆಗೆ 40 ಗುಂಟೆಯಾದುದರಿಂದ ಒಟ್ಟು 190 ಗುಂಟೆ.

40 ಗುಂಟೆಗೆ 3 ಕಿಲೋ ಆದರೆ 190 ಗುಂಟೆಗೆ ಎಷ್ಟು? 40ಕ್ಕೆ 190 ಯಾವ ಪ್ರಮಾಣವೋ, 3ಕ್ಕೆ ಉತ್ತರವೂ ಅದೇ ಪ್ರಮಾಣ. 190ನ್ನು 3ರಿಂದ ಗುಣಿಸಿದರೆ 570. ಅದನ್ನು 40ರಿಂದ ಭಾಗಿಸಿದರೆ 14.25 ಕಿಲೋ. ತಾಳೆ ನೋಡಬೇಕಾದರೆ 40ನ್ನು 14.25ರಿಂದ ಗುಣಿಸುವುದು, ಅದೂ 570 ಬಂದರೆ ಲೆಕ್ಕ ಸರಿ. ಮೊದಲಿನ ತಪ್ಪು ಲೆಕ್ಕದಲ್ಲಿ 1.35 ಕಿಲೋ ಕಡಿಮೆ, ಅಂದರೆ 18 ಗುಂಟೆ ನೆಲಕ್ಕೆ ಬೀಜವೇ ಇಲ್ಲ.

ಇದು ಹೊಸ ವಿದ್ಯೆಯಲ್ಲ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಇಂಥ ಲೆಕ್ಕಗಳನ್ನು ಕನ್ನಡದಲ್ಲಿಯೇ ಹೇಳಿದ್ದಾನೆ.

ಕಾಳಿನ ಕಾಡಿಗೆ ರೋಗವನ್ನು ತಡೆಯಲು ಬೀಜಕ್ಕೆ ಗಂಧಕದ ನುಣ್ಣನೆಯ ಪುಡಿಯನ್ನು ಹಚ್ಚುವಾಗಲೂ ಇದೇ ಕ್ರಮ. ಕಿಲೋ ಬೀಜಕ್ಕೆ 4 ಗ್ರಾಂ, 14.25 ಕಿಲೋಗೆ 57 ಗ್ರಾಂ. ಚಿಟಿಕೆಯ ಅಂದಾಜು ಇಲ್ಲಿ ಸಲ್ಲದು. ಗಂಧಕ ಹಚ್ಚಿದ ಬೀಜವು ಉಳಿದರೆ ಅದನ್ನು ಮನೆಯ ಜೋಳಕ್ಕೆ ಬೆರೆಸಲೂಬಾರದು, ದನಗಳಿಗೆ ಹಾಕಲೂಬಾರದು.

ಎಲ್ಲ ಲೆಕ್ಕವೂ ಹೀಗೆ ಏರುವುದಿಲ್ಲ. 12 ಆಳು 5 ದಿನಗಳಲ್ಲಿ ಮುಗಿಸುವ ಕಳೆಯನ್ನು 10 ಆಳು ತೆಗೆಯಬೇಕಾದರೆ ದಿನಗಳು ಹೆಚ್ಚಬೇಕು. 12ನ್ನು 5ರಿಂದ ಗುಣಿಸಿ 10ರಿಂದ ಭಾಗಿಸಿದರೆ 6 ದಿನ. ಇದು ವ್ಯಸ್ತ ತ್ರೈರಾಶಿ. ಇನ್ನು ಬೀಜವನ್ನು ಇಮ್ಮಡಿ ಹಾಕಿದರೆ ಕಣದ ರಾಶಿಯೂ ಇಮ್ಮಡಿಯಾದೀತೆಂಬುದು ಯಾವ ತ್ರೈರಾಶಿಗೂ ಸೇರದ ಮಾತು. ಒತ್ತಾಗಿ ಬೆಳೆದ ಪೈರು ನೆಲದ ಹಸಿಯನ್ನು ಬೇಗನೆ ಹೀರಿ, ಕಾಳು ತುಂಬುವ ಹೊತ್ತಿಗೆ ಬಾಡುವುದು.