ಒಂದೇ ಮಂಡಿ ಪದೇ ಪದೇ ಊದಿದರೆ



ಕುಕ್ಕರಗಾಲಿನಲ್ಲಿ ಕುಳಿತು ರಾಗಿ ಹೊಲದ ಕಳೆ ತೆಗೆಯುವವರಿಗೆ ಮಂಡಿನೋವು ಹೊಸದಲ್ಲ. ಎರಡು ದಿನ ವಿಶ್ರಾಂತಿ ಪಡೆದರೆ ಬಹುಪಾಲು ಇಳಿಯುತ್ತದೆ. ಆದರೆ ಪೆಟ್ಟು ಬೀಳದೆಯೇ ಒಂದೇ ಮಂಡಿ ಪದೇ ಪದೇ ಊದುತ್ತಿದ್ದರೆ ಅದನ್ನು ಅಲಕ್ಷಿಸಬಾರದು. ಏಕೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ರೋಗವೇನು?

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಹಾಗೆ ಮಂಡಿಯ ಕೀಲಿಗೂ ಜಾರಿಕೆ ಬೇಕು. ಕೀಲಿನೊಳಗಿನ ತೆಳುವಾದ ಪೊರೆಯೊಂದು ಲೋಳೆಯಂತಹ ದ್ರವವನ್ನು ಒಸರಿ ಈ ಕೆಲಸ ಮಾಡುತ್ತದೆ. ಕೆಲವರಲ್ಲಿ, ಹೆಚ್ಚಾಗಿ ದುಡಿಯುವ ವಯಸ್ಸಿನಲ್ಲೇ, ಈ ಪೊರೆಯಲ್ಲಿ ಗಂಟು ಬೆಳೆಯುತ್ತದೆ. ಕೆಲವೊಮ್ಮೆ ಒಂದೇ ಗಂಟು. ಕೆಲವೊಮ್ಮೆ ಇಡೀ ಪೊರೆಯೇ ದಪ್ಪವಾಗುತ್ತದೆ. ಸೂಜಿಯಿಂದ ತೆಗೆದ ನೀರು ಕಂದುಗೆಂಪಾಗಿರಬಹುದು. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೂ ಹಾಗೆಯೇ ಬಿಟ್ಟರೆ ಮೂಳೆಯನ್ನು ಕೊರೆದು ಕೀಲನ್ನೇ ಕೆಡಿಸಬಲ್ಲದು.

ಮಂಡಿಗೆ ಕ್ಷಯ ತಗಲುವುದೂ ಉಂಟು. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಮಾತ್ರೆಗಳಿವೆ. ಗಂಟಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಬೇಕು. ಆದುದರಿಂದ ಯಾವುದೆಂದು ತಿಳಿಯದೆ ಕಟ್ಟು ಹಾಕಿಸುವುದು, ಬರೆ ಹಾಕಿಸುವುದು, ನೋವಿನ ಮಾತ್ರೆ ನುಂಗಿ ತಿಂಗಳುಗಟ್ಟಲೆ ಕಳೆಯುವುದು ನಷ್ಟದ ದಾರಿ. ಎಕ್ಸ್‌ರೇಯಲ್ಲಿ ಮೊದಮೊದಲು ಏನೂ ಕಾಣದಿರಬಹುದು, ಎಂ.ಆರ್.ಐ. ಚಿತ್ರದಲ್ಲಿ ಗಂಟು ಕಾಣುತ್ತದೆ. ಪೊರೆಯ ಚೂರನ್ನು ಪರೀಕ್ಷಿಸಿದಾಗ ರೋಗ ಖಚಿತವಾಗುತ್ತದೆ.

ಶಸ್ತ್ರಕ್ರಿಯೆ ಹೇಗೆ?

ಜಪಾನಿನ ವೈದ್ಯ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ನಳಿಕೆಯಿಂದ ಮೃತದೇಹವೊಂದರ ಮಂಡಿಯೊಳಗೆ ನೋಡಿದರು. ಅವರ ಶಿಷ್ಯ ವಟನಾಬೆ 1955ರಲ್ಲಿ ಇಂತಹ ನಳಿಕೆಯ ನೆರವಿನಿಂದಲೇ ಮಂಡಿಯ ಗಂಟೊಂದನ್ನು ತೆಗೆದರು. ಈಗ ಮಂಡಿಯನ್ನು ಅಗಲವಾಗಿ ಕೊಯ್ಯದೆ ಎರಡು ಮೂರು ಚಿಕ್ಕ ರಂಧ್ರಗಳನ್ನು ಮಾಡುತ್ತಾರೆ. ಒಂದರಲ್ಲಿ ಪೆನ್ಸಿಲಿಗಿಂತ ಸಣ್ಣ ಕ್ಯಾಮೆರಾ ನಳಿಕೆ, ಇನ್ನೊಂದರಲ್ಲಿ ಉಪಕರಣ. ಪರದೆಯ ಮೇಲೆ ನೋಡುತ್ತಾ ಗಂಟನ್ನೂ ರೋಗ ಹಿಡಿದ ಪೊರೆಯನ್ನೂ ತೆಗೆಯುತ್ತಾರೆ. ಮಂಡಿಯ ಹಿಂಬದಿಗೆ ಹಬ್ಬಿದ್ದರೆ ತೆರೆದ ಶಸ್ತ್ರಕ್ರಿಯೆಯೂ ಬೇಕಾಗಬಹುದು.

ಒಂಟಿ ಗಂಟನ್ನು ಪೂರ್ತಿ ತೆಗೆದರೆ ಮರಳುವುದು ಅಪರೂಪ. ಪೊರೆಯೆಲ್ಲ ಹಬ್ಬಿದ ರೋಗ ಮಾತ್ರ ಬೇರು ಉಳಿದ ಗರಿಕೆಯಂತೆ ಮತ್ತೆ ಚಿಗುರಬಹುದು. ಆದುದರಿಂದ ನೋವು ಹೋಯಿತೆಂದು ಮರುತಪಾಸಣೆ ತಪ್ಪಿಸಬೇಡಿ. ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನು ದಿನವೂ ಮಾಡಿ. ಇಲ್ಲದಿದ್ದರೆ ಮಂಡಿ ಬಿಗಿಯುತ್ತದೆ. ವಯಸ್ಸಿನಿಂದ ಸವೆದ ಮಂಡಿಗೆ ಮಾತ್ರ ಈ ರಂಧ್ರದ ಶಸ್ತ್ರಕ್ರಿಯೆ ಮದ್ದಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಮುಳಬಾಗಿಲಿಗೆ ಅಥವಾ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಿ ಮೂಳೆ ವೈದ್ಯರಿಗೆ ತೋರಿಸಿ. ಬೆಂಗಳೂರಿನಲ್ಲಿ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಯಿದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಅಲ್ಲಿಯೇ ವಿಚಾರಿಸಿ. ಬೇರೆ ಆಸ್ಪತ್ರೆಗೆ ಕಳುಹಿಸಿದರೆ ಶಿಫಾರಸು ಪತ್ರ ಕೇಳಿ ಪಡೆಯಿರಿ.

ನೆನಪಿಡಿ

1. ಪೆಟ್ಟಿಲ್ಲದೆ ಬಂದ ಊತ ಕೆಲವು ವಾರಗಳಲ್ಲಿ ಇಳಿಯದಿದ್ದರೆ ಅಥವಾ ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ.
2. ಊತದೊಡನೆ ಜ್ವರ ಬಂದು ಮಂಡಿ ಬಿಸಿಯಾದರೆ ಅದೇ ದಿನ ಹೋಗಿ.
3. ಸುಗ್ಗಿ ಮುಗಿಯಲೆಂದು ಕಾಯಬೇಡಿ. ಸುಗ್ಗಿ ಮರುವರ್ಷವೂ ಬರುತ್ತದೆ. ಕೆಟ್ಟ ಕೀಲು ಮೊದಲಿನಂತಾಗುವುದಿಲ್ಲ.

ಓದು ಬಾರದ ನೆರೆಯವರಿಗೆ ಇದನ್ನು ಓದಿ ಹೇಳಿ.