ಪಂಕ್ತಿ ಬಡಿಸೋದಕ್ಕೂ ಪವಿತ್ರಾತ್ಮನ ತುಂಬುವಿಕೆ ಬೇಕು

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 6:1-7

ಸತ್ಯವೇದ ತೆಗೀರಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಮುಚ್ಚಿ.

ಹೋದ ವಾರ ಹೇಳಿದ ಹಾಗೆ ಮುಂದಿನ ತಿಂಗಳು ನಮ್ಮ ತಂಡ ಮತ್ತೆ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಡೆ ಹೋಗ್ತಾ ಇದೆ. ತುಂಬ ಜನ ಹೆಸರು ಕೊಟ್ಟಿದ್ದೀರಿ, ಕರ್ತನಿಗೆ ಸ್ತೋತ್ರ. ಆದರೆ ಹೊರಡೋ ಮೊದಲು ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಮೊದಲನೇ ಸಲ ಹೋಗಿ ಬಂದಾಗ ಇದೇ ಜಾಗದಲ್ಲಿ ನಿಂತು ಸಾಕ್ಷಿ ಹೇಳಿದೆ, ಫೋಟೋ ತೋರಿಸಿದೆ, ನೀವು ಚಪ್ಪಾಳೆ ತಟ್ಟಿದಿರಿ. ಅವತ್ತು ನಾನು ಹೇಳಿದ್ದು ಅರ್ಧ ಮಾತ್ರ. ಉಳಿದ ಅರ್ಧ ಇವತ್ತು ಹೇಳ್ತೀನಿ.

ಅವತ್ತು ನಡೆದದ್ದು

2021ರ ಎರಡನೇ ಅಲೆಯ ಲಾಕ್‌ಡೌನ್ ಸಡಿಲವಾದ ಮೇಲೆ ನಾವು ಹೊರಟದ್ದು. ಬೆಂಗಳೂರಲ್ಲಿ ಗಾರೆ ಕೆಲಸ ಮಾಡ್ತಿದ್ದವರು ಊರಿಗೆ ವಾಪಸ್ ಹೋಗಿ ಕೈಯಲ್ಲಿ ಕಾಸಿಲ್ಲದೆ ಕೂತಿದ್ದ ಸಮಯ. ಅಕ್ಕಿ, ಬೇಳೆ, ಎಣ್ಣೆ ಪ್ಯಾಕೆಟ್ ತುಂಬಿದ ಕಿಟ್‌ಗಳು, ಜೊತೆಗೆ ಮಧ್ಯಾಹ್ನಕ್ಕೆ ಚಿಕನ್ ಬಿರಿಯಾನಿ. ಹಿರಿಯೂರು ದಾಟೋವರೆಗೂ ಗಾಡಿಯಲ್ಲಿ ಆರಾಧನೆಯೇ ಆರಾಧನೆ.

ಹಟ್ಟಿ ತಲುಪಿ ಬಿರಿಯಾನಿ ಪಾತ್ರೆ ಇಳಿಸಿದೆವು. ಯಾರೂ ಹತ್ತಿರ ಬರಲಿಲ್ಲ. ಒಬ್ಬ ಹಿರಿಯರು ಮೆಲ್ಲಗೆ ಬಂದು, "ಅಣ್ಣಾ, ಕೋಳಿ ಹಟ್ಟಿಯೊಳಗೆ ತರಬ್ಯಾಡ್ರಿ" ಅಂದರು. ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆ ಇರೋ ಊರು. ಅವರ ಹಳೆಯ ಪದ್ಧತಿಯಲ್ಲಿ ಕೋಳಿ ತಿನ್ನೋದಿಲ್ಲ, ಸಾಕೋದೂ ಇಲ್ಲ. ಒಂದು ಫೋನ್ ಮಾಡಿ ಕೇಳಿದ್ದರೆ ಗೊತ್ತಾಗ್ತಿತ್ತು. ನಾವು ಉಪವಾಸ ಪ್ರಾರ್ಥನೆ ಮಾಡಿದ್ದೆವು, ಫೋನ್ ಮಾಡಿರಲಿಲ್ಲ.

ಆಮೇಲೆ ಕಿಟ್. ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು. ಶೇಂಗಾ ಬೆಳೆಯೋ ಸೀಮೆ, ಊರ ತುಂಬ ಎಣ್ಣೆ ಮಿಲ್ಲು. ನಾವು ಬೆಂಗಳೂರಿನ ಸೂಪರ್‌ಮಾರ್ಕೆಟ್‌ನಿಂದ ಎಣ್ಣೆ ಹೊತ್ತುಕೊಂಡು ಇನ್ನೂರು ಕಿಲೋಮೀಟರ್ ದಾಟಿ ಅಲ್ಲಿಗೆ ಹೋಗಿದ್ದೆವು! ನಗ್ತೀರಿ, ನಗಿ. ಆ ಹಿರಿಯರು ನಗಲಿಲ್ಲ. "ನಮಗೆ ರೇಷನ್ ಅಂಗಡಿ ಅಕ್ಕಿ ಐತಣ್ಣ, ದನಕ್ಕೆ ಮೇವಿಲ್ಲ" ಅಂದರು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದರು: "ಇದಕ್ಕೆ ಬದಲು ನಮ್ಮಿಂದ ನಿಮಗೇನು ಬೇಕು?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಯಾಕಂದರೆ ಪ್ರತಿ ಕಿಟ್ಟಿನ ತಳದಲ್ಲಿ, ಅಕ್ಕಿ ಚೀಲದ ಕೆಳಗೆ, ನಮ್ಮ ಸಭೆಯ ಕರಪತ್ರ ಇತ್ತು. ಮೇಲೆ ಇಡೋ ಧೈರ್ಯ ಇರಲಿಲ್ಲ, ಬಿಡೋ ಮನಸ್ಸೂ ಇರಲಿಲ್ಲ. ಅಲ್ಲೇ ಗಾಡಿ ಹಿಂದೆ ಕೂತು ಒಂದೊಂದನ್ನೂ ತೆಗೆಸಿದೆ. ಇದು ನಾನು ನಿಮಗೆ ಹೇಳದೆ ಇದ್ದ ಅರ್ಧ.

1. ಗುಣುಗುಟ್ಟುವಿಕೆ ಎಲ್ಲಿಂದ ಬಂತು?

ಈಗ ವಾಕ್ಯಕ್ಕೆ ಬನ್ನಿ. ಯೆರೂಸಲೇಮಿನ ಸಭೆ ನಮ್ಮಂಥ ಸಭೆ ಅಲ್ಲ. ಪಂಚಾಶತ್ತಮ ದಿನದ ಬೆಂಕಿ ಇಳಿದ ಸಭೆ. ಆಸ್ತಿ ಮಾರಿ ತಂದು ಅಪೊಸ್ತಲರ ಪಾದದ ಹತ್ತಿರ ಇಟ್ಟ ಸಭೆ. ಅಂಥ ಸಭೆಯಲ್ಲೇ ದಿನದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರು ತಪ್ಪಿಹೋದರು. ಯಾರು ತಪ್ಪಿಹೋದರು ಗಮನಿಸಿ: ಗ್ರೀಕ್ ಮಾತಾಡೋ ವಿಧವೆಯರು. ಯಾರೋ ಬೇಕಂತ ಬಿಟ್ಟರು ಅಂತ ಲೂಕನು ಬರೆಯೋದಿಲ್ಲ. ಹಂಚೋರಿಗೆ ಯಾರ ಗುರುತಿತ್ತೋ, ಯಾರ ಮಾತು ತಿಳೀತಿತ್ತೋ ಅವರಿಗೆ ಸಿಕ್ಕಿರಬೇಕು. ಮಾತು ಬೇರೆ ಇದ್ದವರು ಲೆಕ್ಕದಿಂದ ಜಾರಿದರು.

ನನ್ನಿವಾಳದ ಕಡೆ ಮನೆಯೊಳಗೆ ತೆಲುಗು ಆಡೋ ಕುಟುಂಬಗಳು ಬಹಳ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ನಮ್ಮ ಪಟ್ಟಿ ಮಾಡಿಕೊಟ್ಟದ್ದು ರಸ್ತೆ ಬದಿ ಮನೆಯ ಒಬ್ಬ ಯುವಕ, ವಾಟ್ಸಾಪ್‌ನಲ್ಲಿ, ಕನ್ನಡದಲ್ಲಿ. ಹಂಚಿಕೆ ಮುಗಿದ ಮೇಲೆ ಹಟ್ಟಿಯ ಕೊನೆಯ ಗುಡಿಸಲಿನ ಮುಂದೆ ಒಬ್ಬ ಅವ್ವ ಸುಮ್ಮನೆ ಕೂತಿದ್ದರು. ಪಟ್ಟಿಯಲ್ಲಿ ಅವರ ಹೆಸರಿಲ್ಲ, ಕೇಳೋದಕ್ಕೆ ಕನ್ನಡ ಸರಾಗ ಇಲ್ಲ. ನಮ್ಮ ಹುಡುಗನೊಬ್ಬ ಉಳಿದಿದ್ದ ಕಿಟ್ ಕೊಟ್ಟು ಫೋನ್ ಎತ್ತಿದ. ಅವ್ವ ಸೆರಗು ಎಳೆದು ಮುಖ ಮುಚ್ಚಿಕೊಂಡರು. ಆ ಫೋಟೋ ನಮ್ಮ ಹತ್ತಿರ ಇಲ್ಲ, ದೇವರ ಕೃಪೆ. ಆದರೆ ಆ ಸೆರಗು ನನಗೆ ಇವತ್ತಿಗೂ ಕಾಣ್ತದೆ.

ಮತ್ತಾಯ 6ರಲ್ಲಿ ಕರ್ತನು ದಾನದ ಬಗ್ಗೆ ಹೇಳಿದ್ದು ನಿಮಗೆ ಗೊತ್ತು. ಎಡಗೈಗೂ ತಿಳಿಯಬಾರದು ಅಂದ ಮೇಲೆ ಇನ್‌ಸ್ಟಾಗ್ರಾಮ್‌ಗೆ ಯಾಕೆ ತಿಳಿಯಬೇಕು?

2. ಬಡಿಸೋದಕ್ಕೆ ಎಂಥವರು ಬೇಕಾಯ್ತು?

ನಾವು ಪೆಂತೆಕೊಸ್ತ ಸಭೆಯವರು 'ಪವಿತ್ರಾತ್ಮಭರಿತರು' ಅಂದ ತಕ್ಷಣ ವೇದಿಕೆ ನೋಡ್ತೀವಿ. ಆರಾಧನೆ ನಡೆಸೋರು, ಪ್ರವಾದಿಸೋರು. ಆದರೆ ಇಲ್ಲಿ ಅಪೊಸ್ತಲರು ಊಟ ಹಂಚೋ ಕೆಲಸಕ್ಕೆ ಎಂಥವರನ್ನ ಕೇಳ್ತಾರೆ? ಒಳ್ಳೇ ಹೆಸರಿರಬೇಕು, ಪವಿತ್ರಾತ್ಮನಿಂದ ತುಂಬಿರಬೇಕು, ಜ್ಞಾನ ಇರಬೇಕು. ಸಾರು ಬಡಿಸೋ ಸೌಟಿಗೂ ಅಭಿಷೇಕ! ಆಮೆನ್?

ಆರಿಸಿದ ಏಳು ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ವಿಧವೆಯರು ತಪ್ಪಿಹೋಗಿದ್ದರೋ ಅವರ ಮಾತು ಬಲ್ಲವರ ಕೈಗೆ ಇಡೀ ಹಂಚಿಕೆಯನ್ನ ಕೊಟ್ಟರು. ಇದು ಜ್ಞಾನ.

ನಮ್ಮ ತಂಡದಲ್ಲಿ ಅವತ್ತು ತೆಲುಗು ಬಲ್ಲ ಒಬ್ಬ ಸಹೋದರಿ ಇದ್ದರು. ಹೊರಡುವಾಗ ಅವರನ್ನ ಕಿಟ್ ಎಣಿಸೋ ಕೆಲಸಕ್ಕೆ ಹಾಕಿದ್ದೆವು. ಅವರು ಹೋಗಿ ಆ ಅವ್ವನ ಪಕ್ಕ ನೆಲದ ಮೇಲೆ ಕೂತು ಮಾತಾಡಿಸಿದರು. ಅರ್ಧ ಗಂಟೆಯಲ್ಲಿ ವಿಷಯ ತಿಳೀತು. ಅವ್ವನಿಗೆ ಬೇಕಾದದ್ದು ಅಕ್ಕಿಯಲ್ಲ. ಆಧಾರ್ ಜೋಡಣೆಯಲ್ಲಿ ಏನೋ ತೊಡಕಾಗಿ ವೃದ್ಧಾಪ್ಯದ ಪಿಂಚಣಿ ತಿಂಗಳುಗಟ್ಟಲೆ ನಿಂತುಹೋಗಿತ್ತು. ಯಾರನ್ನ ಕೇಳಬೇಕು, ಯಾವ ಕಾಗದ ಕೊಡಬೇಕು ಗೊತ್ತಿಲ್ಲ. ಆ ಸಹೋದರಿ ಎರಡು ಸಲ ರಜೆ ಹಾಕಿ ಬಸ್ಸಲ್ಲಿ ಹೋಗಿ, ಅವ್ವನ ಜೊತೆ ನಾಡಕಚೇರಿಯಲ್ಲಿ, ಬ್ಯಾಂಕಿನಲ್ಲಿ ಕ್ಯೂ ನಿಂತರು. ಪಿಂಚಣಿ ಮತ್ತೆ ಶುರುವಾಯ್ತು. ನಾವೆಲ್ಲ ಸೇರಿ ಗಾಡಿ ತುಂಬ ಹೊತ್ತುಕೊಂಡು ಹೋದದ್ದಕ್ಕಿಂತ ಇದು ದೊಡ್ಡ ಸೇವೆ. ನಿಮ್ಮಲ್ಲಿ ಎಷ್ಟೋ ಜನ ದಿನವೆಲ್ಲ ಕಂಪ್ಯೂಟರ್ ಮುಂದೆ ಫಾರಂ, ಪೋರ್ಟಲ್ ಅಂತ ಕೆಲಸ ಮಾಡೋರು. ಆ ಕೌಶಲ ಕೂಡ ದೇವರು ಕೊಟ್ಟ ವರ.

3. ಬದಲಿಗೆ ಏನು ಬೇಕು?

ಆ ಹಿರಿಯರ ಪ್ರಶ್ನೆಗೆ ಬರ್ತೀನಿ. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರ ಕಾಯ್ದೆ ಬಂದಾಗ 'ಆಮಿಷ' ಅನ್ನೋ ಪದ ನಮ್ಮೆಲ್ಲರ ಕಿವಿಗೆ ಬಿತ್ತು. ಕೆಲವರು ಹೆದರಿದರು, ಕೆಲವರು ಕೋಪ ಮಾಡಿಕೊಂಡರು. ನಾನು ಹೇಳೋದು, ಕಾನೂನು ಇರಲಿ ಇಲ್ಲದಿರಲಿ, ಈ ಪ್ರಶ್ನೆಯನ್ನ ವಾಕ್ಯವೇ ನಮ್ಮ ಮುಂದೆ ಇಡ್ತದೆ.

ಅಪೊಸ್ತಲರ ಕೃತ್ಯಗಳು 8 ತೆಗೀರಿ. ಆ ಏಳು ಜನರಲ್ಲಿ ಒಬ್ಬನಾದ ಫಿಲಿಪ್ಪ ಸಮಾರ್ಯದಲ್ಲಿ ಸಾರ್ತಾನೆ. ಅಲ್ಲಿ ಸೀಮೋನ ಹಣ ತಂದು ಪವಿತ್ರಾತ್ಮನ ಅಧಿಕಾರ ಕೊಳ್ಳೋಕೆ ನೋಡ್ತಾನೆ. ಪೇತ್ರನು ಎಷ್ಟು ಕಠಿಣವಾಗಿ ಗದರಿಸ್ತಾನೆ ಓದಿ. ದೇವರ ವರವನ್ನ ಬೆಳ್ಳಿ ಕೊಟ್ಟು ಕೊಳ್ಳೋಕೆ ಆಗಲ್ಲ ಅಂದ ಮೇಲೆ, ಹತ್ತು ಕೆಜಿ ಅಕ್ಕಿ ಕೊಟ್ಟು ಒಬ್ಬರ ನಂಬಿಕೆಯನ್ನ ನಾವು ಕೊಳ್ಳೋಕೆ ಆಗ್ತದಾ? ಕರ್ತನು ಹತ್ತು ಕುಷ್ಠರೋಗಿಗಳನ್ನ ಸ್ವಸ್ಥ ಮಾಡಿದ. ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನರ ಸ್ವಸ್ಥತೆಯನ್ನ ಆತನು ವಾಪಸ್ ತಗೊಳ್ಳಲಿಲ್ಲ.

ಹಾಗಾದರೆ ಸುವಾರ್ತೆ ಹೇಳಬಾರದಾ ಪಾಸ್ಟರ್ ಅಂತ ಕೇಳ್ತೀರಿ. ಯಾರಾದರೂ ಕೇಳಿದರೆ ಸಂತೋಷವಾಗಿ, ನಾಚಿಕೆ ಇಲ್ಲದೆ ಹೇಳಿ. ನೀವು ಯಾರು, ಯಾಕೆ ಬಂದಿರಿ ಅಂತ ಮುಚ್ಚಿಡಬೇಡಿ. ಆದರೆ ಅಕ್ಕಿಯ ಕೆಳಗೆ ಬಚ್ಚಿಡಬೇಡಿ.

ಇಲ್ಲಿ ಒಬ್ಬ ತಾಯಿಯನ್ನ ನೆನಪಿಸ್ತೀನಿ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳಕೊಂಡು ಅಣ್ಣನ ಜೊತೆ ದೇಶವೆಲ್ಲ ಕಾಲ್ನಡಿಗೆಯಲ್ಲಿ ಅಲೆದವರು. ಅದೇ ದಶಕದ ಕೊನೆಗೆ ನಮ್ಮ ಸೀಮೆಗೂ ಧಾತು ಈಶ್ವರ ಬರ ಬಂತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕಡಿಮೆ ಆಯ್ತು. ಹಸಿವು ಅಂದರೆ ಏನು ಅಂತ ರಮಾಬಾಯಿ ಪುಸ್ತಕದಲ್ಲಿ ಕಲಿತದ್ದಲ್ಲ.

ಅವರು ಕ್ರಿಸ್ತನನ್ನ ನಂಬಿದ ಮೇಲೆ ವಿಧವೆಯರಿಗಾಗಿ ಶಾರದಾ ಸದನ ನಡೆಸಿದರು. ಅಲ್ಲಿನ ಹುಡುಗಿಯರು ತಮ್ಮ ಆಚಾರ ಇಟ್ಟುಕೊಂಡೇ ಇರೋದಕ್ಕೆ ಅವಕಾಶ ಇತ್ತು. ಆದರೂ 1893ರಲ್ಲಿ ಮತಾಂತರದ ಆರೋಪ ಬಂತು, ಹಲವರು ತಮ್ಮ ಮಕ್ಕಳನ್ನ ಬಿಡಿಸಿಕೊಂಡು ಹೋದರು. ರಮಾಬಾಯಿ ಬಾಗಿಲು ಮುಚ್ಚಲಿಲ್ಲ. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ತಾವೇ ಹೋಗಿ ನೂರಾರು ಹುಡುಗಿಯರನ್ನ ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೀತು. ಅನ್ನದ ಜೊತೆ ಓದು, ನೇಯ್ಗೆ, ಮುದ್ರಣದ ಕೆಲಸ ಕಲಿಸಿದರು. 1905ರಲ್ಲಿ ಉಜ್ಜೀವನದ ಬೆಂಕಿ ಬಿದ್ದದ್ದು ಆ ಮನೆಯಲ್ಲೇ. ಅಮೆರಿಕದ ಅಜೂಸಾ ಬೀದಿಯ ಉಜ್ಜೀವನ 1906ರದ್ದು, ಲೆಕ್ಕ ಹಾಕಿ. ನಾವು ಉಜ್ಜೀವನ ಬೇಕು ಅಂತ ರಾತ್ರಿಯೆಲ್ಲ ಪ್ರಾರ್ಥಿಸ್ತೀವಿ. ಆ ಬೆಂಕಿ ಬರದಲ್ಲಿ ಬದುಕಿ ಉಳಿದ ಹುಡುಗಿಯರ ನಡುವೆ ಇಳೀತು.

ಈ ಸಲ ಹೇಗೆ ಹೋಗೋಣ?

ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಉಳಿದದ್ದನ್ನ ಬಡವರು ಹಕ್ಕಲು ಆಯ್ತಾರೆ. ರೂತಳ ಪುಸ್ತಕದ 2ನೇ ಅಧ್ಯಾಯದಲ್ಲಿ ಬೋವಜನು ತನ್ನ ಆಳುಗಳಿಗೆ ಏನು ಹೇಳ್ತಾನೆ? ಬೇಕಂತಲೇ ತೆನೆ ಬಿಡಿ, ಅವಳನ್ನ ಗದರಿಸಬೇಡಿ ಅಂತಾನೆ. ಅವಳು ದುಡಿದು ಆಯ್ದುಕೊಂಡದ್ದು ಅಂತ ತಲೆ ಎತ್ತಿ ಮನೆಗೆ ಹೋಗಬೇಕು. ಕೊಡೋದಕ್ಕಿಂತ ಅವಳ ಮಾನ ಉಳಿಸಿ ಕೊಡೋದು ಬೋವಜನಿಗೆ ಮುಖ್ಯ.

ಹಾಗಾಗಿ ಈ ಸಲ ತೀರ್ಮಾನ ಇಷ್ಟು. ಮೊದಲು ನಾಲ್ಕು ಜನ ಬರಿಗೈಯಲ್ಲಿ ಹೋಗಿ ಹಟ್ಟಿಯ ಹಿರಿಯರನ್ನ, ಹೆಂಗಸರನ್ನ ಕೇಳಿಕೊಂಡು ಬರ್ತಾರೆ. ಅವರಲ್ಲಿ ಇಬ್ಬರಿಗೆ ತೆಲುಗು ಬರಬೇಕು. ಕೊಳ್ಳೋ ಸಾಮಾನೆಲ್ಲ ಚಳ್ಳಕೆರೆ ಅಂಗಡಿಗಳಲ್ಲೇ. ಮೇವು ಬೇಕು ಅಂದರೆ ಮೇವೇ ಕೊಡೋಣ. ನಿನೆವೆಯ ಮೇಲೆ ಕರುಣೆ ತೋರಿಸಿದ ದೇವರು ಅಲ್ಲಿನ ದನಗಳನ್ನೂ ಲೆಕ್ಕ ಹಾಕಿದ, ಯೋನ 4:11 ಓದಿ. ಕಾಗದಪತ್ರದ ಕೆಲಸಕ್ಕೆ ಲ್ಯಾಪ್‌ಟಾಪ್ ಇರೋರು ಮೂವರು. ಫೋಟೋ ಇಲ್ಲ. ಬ್ಯಾನರ್ ಇಲ್ಲ. ಖರ್ಚಿನ ಲೆಕ್ಕ ಪೈಸೆ ಪೈಸೆ ಸಭೆಯ ಮುಂದೆ.

ಮೊದಲ ಸಲದ ವರದಿಯಲ್ಲಿ 'ಹೊಸ ಆತ್ಮಗಳು' ಅನ್ನೋ ಸಾಲಿನಲ್ಲಿ ನಾನು ಸೊನ್ನೆ ಬರೆದು ಬೇಜಾರು ಮಾಡಿಕೊಂಡಿದ್ದೆ. ಅಲ್ಲಿಂದ ಯಾರೂ ನಮ್ಮ ಸಭೆ ಸೇರಿಲ್ಲ, ಇವತ್ತಿಗೂ ಇಲ್ಲ. ಆದರೆ ಹೋದ ವಾರ ಆ ಹಿರಿಯರಿಗೆ ಫೋನ್ ಮಾಡಿ, ಮತ್ತೆ ಬರಬಹುದಾ ಅಂತ ಕೇಳಿದೆ. "ಬರ್ರಿ ಅಣ್ಣ, ಈ ಸಲ ಊಟ ನಮ್ಮ ಮನ್ಯಾಗ" ಅಂದರು. ಆ ಪಂಕ್ತಿಯಲ್ಲಿ ಕೂತು ಅವರು ಬಡಿಸಿದ್ದನ್ನ ಉಣ್ಣೋದಕ್ಕೂ ನಮಗೆ ದೀನತೆ ಬೇಕು. ಅದಕ್ಕಾಗಿ ಈಗ ಪ್ರಾರ್ಥಿಸೋಣ.

ಪ್ರಾರ್ಥನೆ: ಕರ್ತನೇ, ನಾವು ಯಾರನ್ನ ನೋಡದೆ ದಾಟಿಬಂದೆವೋ ಅವರನ್ನ ನಮಗೆ ತೋರಿಸು. ಕೊಡುವಾಗ ನಮ್ಮ ಹೆಸರನ್ನ ಮರೆಸು. ಮಾತಾಡೋ ಮೊದಲು ಕೇಳಿಸಿಕೊಳ್ಳೋ ಕಿವಿ ಕೊಡು. ನಿನ್ನ ಆತ್ಮನಿಂದ ನಮ್ಮ ಕೈಗಳನ್ನೂ ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಸೆಲ್ ಗುಂಪಿನಲ್ಲಿ ಮಾತಾಡಿಕೊಳ್ಳಿ:
1. ನಮ್ಮ ಸಭೆಯ ಹಂಚಿಕೆಯಲ್ಲಿ ಈಗ ತಪ್ಪಿಹೋಗ್ತಿರೋ 'ಗ್ರೀಕ್ ವಿಧವೆಯರು' ಯಾರು?
2. ನಿಮ್ಮ ಉದ್ಯೋಗದ ಯಾವ ಕೌಶಲ ಒಬ್ಬ ಬಡವರ ಕೆಲಸ ಮಾಡಿಕೊಡಬಲ್ಲದು?
3. ಬದಲಿಗೆ ಏನೂ ಬೇಡ ಅಂತ ನೀವು ನಿಜವಾಗಿ ಹೇಳಬಲ್ಲಿರಾ?